ಬಾಡಿಗೆ ನಾಲಗೆ ಮೀಮಾಂಸೆ

ಸಾರ್ವಜನಿಕ ಸಂಪರ್ಕ ದರ್ಶನದಲ್ಲಿ ನೀತಿಯೇ ಇಲ್ಲವೆಂಬುದು ಪೂರ್ವಪಕ್ಷ. ಇದು ಅಜ್ಞಾನ. ನೀತಿ ಇದೆ, ಅಚ್ಚಾಗಿಯೂ ಇದೆ. 1906ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಸುದ್ದಿ ಒದಗಿಸುತ್ತಿದ್ದ ಆದ್ಯಾಚಾರ್ಯ ಐವಿ ಲೀ ಅವರು ಪತ್ರಿಕೆಗಳಿಗೆ ತತ್ತ್ವಘೋಷಣೆಯೊಂದನ್ನು ಕಳಿಸಿದರು: ನಮ್ಮಲ್ಲಿ ಗುಟ್ಟಿಲ್ಲ, ಕೊಡುವ ವಿವರ ಕರಾರುವಾಕ್ಕು, ಪರಿಶೀಲಿಸುವ ಸಂಪಾದಕರಿಗೆ ಸಂತೋಷದಿಂದ ನೆರವಾಗುತ್ತೇವೆ. ಪರಿಶೀಲನೆಯ ಭಾರ ಸಂಪಾದಕರ ಹೆಗಲಿಗೆ ಜಾರಿದ ಸೂಕ್ಷ್ಮವನ್ನು ಶಿಷ್ಯರು ಗಮನಿಸತಕ್ಕದ್ದು.

ಪ್ರಯೋಗಕಾಂಡ 1914ರದು. ಏಪ್ರಿಲ್ 20ರಂದು ಕೊಲೊರಾಡೊದ ಲಡ್ಲೊದಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳು ಉರಿದವು. ಒಂದು ಡೇರೆಯಡಿಯ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು, 11 ಮಕ್ಕಳು ಸತ್ತರು. (ಈ ವಾಕ್ಯಕ್ಕೆ ಶಾಸ್ತ್ರದಲ್ಲಿ ಟೀಕೆ ದೊರೆತಿಲ್ಲ.) ಗಣಿಯಲ್ಲಿ ಬಂಡವಾಳ ಹೂಡಿದ್ದ ರಾಕ್‌ಫೆಲರ್ ಮನೆತನ ಆಚಾರ್ಯರನ್ನು ಕರೆಸಿಕೊಂಡಿತು. ಅವರು ಹೊರಡಿಸಿದ ಪ್ರಕಟಣೆಗಳಲ್ಲಿ ಕಾರ್ಮಿಕ ಮುಖಂಡರ ಇಡೀ ವರ್ಷದ ಸಂಬಳ ಒಂಬತ್ತು ವಾರಗಳ ಗಳಿಕೆಯಾಗಿ ಅಚ್ಚಾಯಿತು. ಕಾಲವೂ ಮಾಯೆಯೇ ಎಂಬುದಕ್ಕೆ ಪಗಾರದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದು.

1915ರಲ್ಲಿ ಕೈಗಾರಿಕಾ ಸಂಬಂಧಗಳ ಆಯೋಗ ಆಚಾರ್ಯರನ್ನು ಕೂರಿಸಿ ಕೇಳಿತು: ಇವೆಲ್ಲ ನಿಜವೇ ಎಂದು ತಾವು ಖುದ್ದಾಗಿ ವಿಚಾರಿಸಿದ್ದಿರಾ? ಇಲ್ಲವೆಂದರು. ನಮ್ಮ ಪ್ರಮಾಣಶಾಸ್ತ್ರ ಹುಟ್ಟಿದ್ದು ಆ ಗಳಿಗೆಯಲ್ಲಿ. ನೈಯಾಯಿಕರಿಗೆ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷಕ್ಕೆ ಓಡಾಟದ ಖರ್ಚಿದೆ. ಅನುಮಾನಪಟ್ಟರೆ ಕಕ್ಷಿದಾರರಿಗೆ ಬೇಸರ. ಉಪಮಾನವನ್ನು ಜಾಹೀರಾತು ವಿಭಾಗದವರು ಆಗಲೇ ಎತ್ತಿಕೊಂಡು ಹೋಗಿದ್ದಾರೆ. ಉಳಿದದ್ದು ಆಪ್ತವಾಕ್ಯ. ಆಪ್ತನಾರು? ಬಿಲ್ಲು ಪಾವತಿಸುವವನು. ಅವನು ಹೇಳಿದ, ನಾವು ಟೈಪಿಸಿದೆವು. ಸುಳ್ಳಿದ್ದರೆ ಪಾಪ ಅವನಿಗೆ, ಫೀಸು ನಮಗೆ.

ಆತ್ಮಸಾಕ್ಷಿ ಎಂಬ ಪದಾರ್ಥವನ್ನು ಕೆಲವರು ಇಲ್ಲಿ ಎಳೆದು ತರುತ್ತಾರೆ. ಅದಕ್ಕೂ ಜಾಗವಿದೆ, ಆದರೆ ಮನೆಯಲ್ಲಿ. ಫ್ರಾಯ್ಡನ ಸೋದರಳಿಯ ಎಡ್ವರ್ಡ್ ಬರ್ನೇಸ್ 1929ರ ಈಸ್ಟರ್ ದಿನ ನ್ಯೂಯಾರ್ಕಿನ ಬೀದಿಯಲ್ಲಿ ಯುವತಿಯರಿಂದ ಸಿಗರೇಟು ಹಚ್ಚಿಸಿ, ಅದನ್ನು ಸ್ವಾತಂತ್ರ್ಯದ ಪಂಜು ಎನ್ನಿಸಿದರು; ಹಣ ತಂಬಾಕು ಕಂಪನಿಯದು. ಮನೆಯಲ್ಲಿ ಮಾತ್ರ ಹೆಂಡತಿಗೆ ಸಿಗರೇಟು ಬಿಡಿಸಲು ಹೆಣಗುತ್ತಿದ್ದರು. ಇದರಲ್ಲಿ ವಿರೋಧಾಭಾಸ ಕಾಣುವವರು ಅದ್ವೈತ ಓದಿಲ್ಲ: ಆಫೀಸಿನದು ವ್ಯಾವಹಾರಿಕ ಸತ್ಯ, ಹೊಸ್ತಿಲು ದಾಟಿದ ಮೇಲಿನದು ಪಾರಮಾರ್ಥಿಕ.

ಆಕ್ಷೇಪ: ಹಾಗಾದರೆ ಹೊಣೆ ಯಾರದು? ಸಮಾಧಾನ: ಪ್ರಶ್ನೆಯನ್ನು ದಯವಿಟ್ಟು ಇಮೇಲಿನಲ್ಲಿ ಕಳಿಸಿ. ಸಂಜೆಯೊಳಗೆ ಉತ್ತರ ಬಾರದಿದ್ದರೆ, ವಕ್ತಾರರು ಪ್ರತಿಕ್ರಿಯೆಗೆ ಸಿಗಲಿಲ್ಲವೆಂದು ಬರೆದುಕೊಳ್ಳಿ. ಆ ಒಂದು ವಾಕ್ಯದ ಸತ್ಯಕ್ಕೆ ನಾವೇ ಜವಾಬ್ದಾರರು.