ಇಬ್ಬರಿಗೆ 450 ಕುದುರೆ

ಅಮೆರಿಕದಲ್ಲಿ ನಿವೃತ್ತರಾದ ದಂಪತಿ ಮನೆಗೇ ಚಕ್ರ ಕಟ್ಟಿಕೊಂಡು ದೇಶ ಸುತ್ತಲು ಹೊರಡುವುದುಂಟು. ಈ ಮೋಟರ್‌ಹೋಮ್‌ಗಳಲ್ಲಿ ಬಸ್ಸಿನಷ್ಟು ಉದ್ದದ, ಬೆನ್ನಿಗೆ ಡೀಸೆಲ್ ಎಂಜಿನ್ ಹೊತ್ತ ಜಾತಿಗೆ ‘ಡೀಸೆಲ್ ಪುಷರ್’ ಎನ್ನುತ್ತಾರೆ. ಕೊಳ್ಳುವವರ ಮೊದಲ ಪ್ರಶ್ನೆ: ಎಷ್ಟು ಎಚ್‌ಪಿ?

ಎಷ್ಟಿದ್ದರೂ ಸಾಲದು. 6.7 ಲೀಟರಿನ ಕಮ್ಮಿನ್ಸ್ ಎಂಜಿನ್ 360 ಎಚ್‌ಪಿ ಕೊಡುತ್ತದೆ. ಅದನ್ನು ಕೊಂಡವನ ಕಣ್ಣು ಪಕ್ಕದವನ 8.9 ಲೀಟರಿನ 450ರ ಮೇಲೆ. ಆ ಪಕ್ಕದವನಿಗೋ, ಯಾರದೋ 15 ಲೀಟರಿನ 605 ನೋಡಿದಂದಿನಿಂದ ನಿದ್ದೆಯಿಲ್ಲ.

ಯಾಕಪ್ಪಾ ಇಷ್ಟು? ಗಾಡಿ ಭಾರ. ಗಾಡಿ ಯಾಕೆ ಭಾರ? ನೆಲಕ್ಕೆ ಟೈಲ್ಸ್, ಎರಡು ಬಾಗಿಲಿನ ಫ್ರಿಜ್ಜು, ವಾಷಿಂಗ್ ಮಷೀನು, ಗುಂಡಿ ಒತ್ತಿದರೆ ಹೊರಚಾಚುವ ಗೋಡೆ, ಬೆಂಕಿಯ ವೇಷ ಹಾಕಿದ ಕರೆಂಟಿನ ಅಗ್ಗಿಷ್ಟಿಕೆ. ಹಾಲು ತರಲು ಮನೆಯನ್ನೇ ಅಂಗಡಿ ಮುಂದೆ ನಿಲ್ಲಿಸಲಾಗದ ಕಾರಣ ಹಿಂದೊಂದು ಕಾರೂ ನೇತುಬಿದ್ದಿರುತ್ತದೆ. ಎಲ್ಲ ಬಿಟ್ಟು ಹಗುರವಾಗಲು ಹೊರಟವರ ತೂಕ 14 ಟನ್. ಶ್ರೀಮಂತರದು 20 ದಾಟುತ್ತದೆ. ಎಂಜಿನ್ ದೊಡ್ಡದಾದರೆ ಇನ್ನಷ್ಟು ಸಾಮಾನು ಹೇರಬಹುದಲ್ಲ! ಹೇರಿದ ಮೇಲೆ ಎಂಜಿನ್ ಮತ್ತೆ ಸಾಲದು.

‘ಕೊಲರಾಡೋದ ಏರಿಗೆ ಬೇಕೇ ಬೇಕು’ ಎನ್ನುತ್ತಾರೆ. ಸರಿ, ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 3,401 ಮೀಟರ್ ಎತ್ತರದಲ್ಲಿದೆ, ದಾರಿ ಕಡಿದಾಗಿಯೇ ಇದೆ. ಅಲ್ಲಿನ ತೆಳುಗಾಳಿಗೆ ಟರ್ಬೋ ಇದೆ. ಉಳಿದದ್ದು ಬರೀ ಗಣಿತ. 14 ಟನ್ನಿನ ಗಾಡಿ, ಶೇ. 6ರ ಏರು, 10 ಕಿ.ಮೀ. ದೂರ. 360 ಎಚ್‌ಪಿಗೆ ಗಂಟೆಗೆ ಸುಮಾರು 70 ಕಿ.ಮೀ. ವೇಗ ಸಿಕ್ಕರೆ 450ಕ್ಕೆ 82 ಸಿಗಬಹುದು. ಉಳಿತಾಯ ಒಂದೂಕಾಲು ನಿಮಿಷ. ಸೋಮವಾರವೋ ಗುರುವಾರವೋ ಎಂದು ನೆನಪಿಟ್ಟುಕೊಳ್ಳುವ ಅಗತ್ಯವೂ ಇಲ್ಲದ ನಿವೃತ್ತರು ಈ ಒಂದೂಕಾಲು ನಿಮಿಷಕ್ಕೆ ಕಂತು ಕಟ್ಟುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ, ದೊಡ್ಡ ಎಂಜಿನ್ನಿನ ಟಾರ್ಕ್‌ನಿಂದ ಗೇರ್ ಪದೇಪದೇ ಇಳಿಸುವುದು ತಪ್ಪುತ್ತದೆ. ಇನ್ನೂ ದೊಡ್ಡ ಲಾಭ ಇರುವುದು ಯಾರೂ ಜಂಬ ಕೊಚ್ಚದ ಜಾಗದಲ್ಲಿ, ಇಳಿಜಾರಿನಲ್ಲಿ. ದೊಡ್ಡ ಎಂಜಿನ್‌ಗಳಿಗೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಗೊಳಿಸುವ ಕಂಪ್ರೆಷನ್ ಬ್ರೇಕ್ ಸಿಗುತ್ತದೆ. ಚಿಕ್ಕವು ಸಾಮಾನ್ಯವಾಗಿ ಅದಕ್ಕಿಂತ ದುರ್ಬಲವಾದ ಎಕ್ಸಾಸ್ಟ್ ಬ್ರೇಕ್‌ನಲ್ಲೇ ಕಾಲ ಹಾಕುತ್ತವೆ. ಬರೀ ಕಾಲಿನ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಕೈಕೊಡುತ್ತದೆ. ಹತ್ತುವಾಗ ಸೋತರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಅಷ್ಟೆ. ಇಳಿಯುವಾಗ ಸೋತರೆ ಹಾರ್ನ್ ಹೊಡೆಯಲೂ ಪುರುಸೊತ್ತಿರುವುದಿಲ್ಲ. ಇಷ್ಟು ದೊಡ್ಡ ಗಾಡಿ ಓಡಿಸಲು ಅಲ್ಲಿನ ಅನೇಕ ರಾಜ್ಯಗಳಲ್ಲಿ ಸಾಮಾನ್ಯ ಕಾರಿನ ಲೈಸೆನ್ಸೇ ಸಾಕೆಂಬುದು ಬೇರೆ ಮಾತು.

ಆದ್ದರಿಂದ, ಮಾರುವವನು ಎಚ್‌ಪಿ ಹೇಳಲಿ, ಕೇಳಿಸಿಕೊಳ್ಳಿ. ಆಮೇಲೆ ನೀರು, ಸಾಮಾನು, ಹಿಂದಿನ ಕಾರು ಸೇರಿ ಒಟ್ಟು ತೂಕ ಎಷ್ಟು, ಇಳಿಯುವಾಗ ಯಾವ ಬ್ರೇಕ್ ಎಂದು ಕೇಳಿ. ತಡವರಿಸಿದರೆ ಎದ್ದು ಬನ್ನಿ. 14 ಟನ್ನಿಗೆ 360 ಧಾರಾಳ ಸಾಕು; ಏರಿನಲ್ಲಿ ಬಲಗಡೆಯ ಲೇನ್ ಹಿಡಿದು ಹೋಗಿ.