ನಿತ್ಯಪುಷ್ಪ ದಾಯವಿಭಾಗ: ಒಂದು ಕೊಡಂಬಲ ವ್ಯಾಖ್ಯಾನ

ವಿಷಯ: ಕೊಡಂಬಲವೆಂಬ ಊರಿನ ಬಿಸಿಲಂಗಳದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ, ಹನ್ನೆರಡು ತಿಂಗಳೂ ಹೂ ಬಿಡುವ ನಿತ್ಯಪುಷ್ಪ. ಸಂಶಯ: ಇದನ್ನು ಬೆಳೆಸಬೇಕಾದರೆ ಮನುಷ್ಯ ಏನಾದರೂ ಮಾಡಬೇಕೋ, ಸುಮ್ಮನಿರಬೇಕೋ? ಪೂರ್ವಸೂರಿಗಳು ಈ ಪ್ರಶ್ನೆ ಎತ್ತಿಲ್ಲ. ಅವರಿಗೆ ಬೇರೆ ಕೆಲಸವಿತ್ತೆಂದು ಅನುಮಾನಪ್ರಮಾಣದಿಂದ ತಿಳಿಯತಕ್ಕದ್ದು.

ತೋಟಗಾರಿಕೆಯ ಪುಸ್ತಕಗಳು ಇಲ್ಲಿ ಸಾಲವು, ಧರ್ಮಶಾಸ್ತ್ರವೇ ಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ಇದೇ ಸೀಮೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅದರ ಮತ. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಇದನ್ನು ಒಪ್ಪಲಿಲ್ಲ, ತಂದೆ ಕಣ್ಮುಚ್ಚಿದ ಮೇಲಷ್ಟೇ ಹಕ್ಕು ಎಂದ. ಬ್ರಿಟಿಷರ ಕೋರ್ಟುಗಳು ಬಂಗಾಳವನ್ನು ಇವನಿಗೂ ಉಳಿದ ದೇಶದ ಬಹುಪಾಲನ್ನು ಅವನಿಗೂ ಒಪ್ಪಿಸಿ ಕೈತೊಳೆದುಕೊಂಡವು. ಹೂಗಿಡಗಳ ಹಂಚಿಕೆ ಮಾತ್ರ ಬಾಕಿ ಉಳಿಯಿತು. ಆ ಕೊರತೆ ಈಗ ನೀಗುತ್ತದೆ.

ಚೆಂಡುಹೂ ದೀಪಾವಳಿ ಮುಗಿಸಿ ಒಣಗುತ್ತದೆ. ಅದರ ಬೀಜ ಮುಂದಿನ ಮಳೆಗೆ ಮೊಳೆಯುವ ಹೊತ್ತಿಗೆ ತಾಯಿಗಿಡ ತಿಪ್ಪೆ ಸೇರಿರುತ್ತದೆ. ಇದು ಶುದ್ಧ ದಾಯಭಾಗ. ನಿತ್ಯಪುಷ್ಪವಾದರೋ ವರ್ಷಗಟ್ಟಲೆ ಬಾಳುವ ಗಿಡ. ಜೋಡಿಕಾಯಿ ಒಣಗಿ ಬಿರಿದು, ಎಳ್ಳಿಗಿಂತ ಸಣ್ಣ ಕರಿಬೀಜ ಉದುರಿ, ತಾಯಿ ಇನ್ನೂ ಹೂ ಬಿಡುತ್ತಿರುವಾಗಲೇ ಬುಡದಲ್ಲಿ ಸಸಿಗಳೆದ್ದು ಪಾಲು ಕೇಳುತ್ತವೆ. ವಿಜ್ಞಾನೇಶ್ವರನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುತ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಕೊಟ್ಟಾಗ ಎಷ್ಟೋ ಅಣ್ಣತಮ್ಮಂದಿರ ಮುಖ ಬಾಡಿತು. ಈ ಗಿಡ ಬಾಡಲಿಲ್ಲ. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುವುದರಿಂದ ಅದಕ್ಕೆ ತಿದ್ದುಪಡಿ ಬೇಕಿರಲೇ ಇಲ್ಲ.

ಆಕ್ಷೇಪ: ಮಡಗಾಸ್ಕರ್ ದ್ವೀಪದಿಂದ ಬಂದ ಪರದೇಶಿಗೆ ಇಲ್ಲಿ ಪಿತ್ರಾರ್ಜಿತವೆಲ್ಲಿಯದು? ಉತ್ತರ: ದತ್ತಕದಿಂದ. ಇದಕ್ಕೆ ದತ್ತಕ ಹೊಸದಲ್ಲ. 1759ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ವಿಂಕಾ ಮನೆತನಕ್ಕೆ ಸೇರಿಸಿದ್ದ. 1837ರಲ್ಲಿ ಜಾರ್ಜ್ ಡಾನ್ ಅಲ್ಲಿಂದ ಬಿಡಿಸಿ ಕ್ಯಾಥರಾಂಥಸ್ ಗೋತ್ರಕ್ಕೆ ಕೊಟ್ಟ. ಕೊಡಂಬಲದಲ್ಲಿ ಯಾರೂ ಗೋತ್ರ ಕೇಳಲಿಲ್ಲ. ಬಸವಣ್ಣನ ಸೀಮೆಯಲ್ಲಿ ಆ ಭಾಗ್ಯ ಗಿಡಗಳಿಗಾದರೂ ಉಳಿದಿದೆ.

ದಿನಾ ಒಂದು ಕೊಡ ನೀರು ಹಾಕಬೇಕೆಂಬುದು ಪೂರ್ವಪಕ್ಷ. ರಜೆಗೆ ಬಂದ ಮೊಮ್ಮಕ್ಕಳು ಇದರ ಪ್ರತಿಪಾದಕರು. ಎರೆಮಣ್ಣು ನೀರನ್ನು ಬಿಡದೆ ಹಿಡಿದಿಡುತ್ತದೆ, ಬೇರು ಕೊಳೆಯುತ್ತದೆ, ನೀರಲ್ಲಿ ನಿಂತ ಗಿಡ ಬಾಯಾರಿದಂತೆ ಜೋಲುತ್ತದೆ. ಅದನ್ನು ಕಂಡು ಮರುಗಿದ ಮೊಮ್ಮಕ್ಕಳು ಇನ್ನೊಂದು ಕೊಡ ಸುರಿಯುತ್ತಾರೆ. ಬರಕ್ಕೆ ಜಗ್ಗದ ಗಿಡ ಅಕ್ಕರೆಗೆ ಸಾಯುತ್ತದೆ.

ಸಿದ್ಧಾಂತ ಪಕ್ಕದ ಮನೆಯ ಆಯಿಯದು: “ನೀರ್ ಹಾಕಬ್ಯಾಡ್ರೋ, ಅದಕ್ಕ ಬಿಸಲ ಸಾಕು.” ಆಪ್ತವಾಕ್ಯವಾದ್ದರಿಂದ ಭಾಷ್ಯ ಬೇಕು. ದಿನಕ್ಕೆ ಆರು ತಾಸು ನೇರ ಬಿಸಿಲು. ಎರೆಮಣ್ಣಾದರೆ ಕೆಂಪು ಗರಸು ಬೆರೆಸಿ ದಿಬ್ಬ ಮಾಡುವುದು. ಹೊಸ ಸಸಿಗೆ ಬೇರು ಹಿಡಿಯುವ ತನಕ ನೀರು. ಆಮೇಲೆ ಮಧ್ಯಾಹ್ನ ಎಲೆ ಮುದುರಿದರೂ ಹೆದರದೆ, ಸಂಜೆಗೂ ಮುದುರಿಯೇ ಇದ್ದರೆ ಮಾತ್ರ ಒಂದು ತಂಬಿಗೆ. ಗೊಬ್ಬರ ಹೆಚ್ಚಾದರೆ ಎಲೆಯೇ ಎಲೆ. ಬೀಜ ಬಿತ್ತುವವರು ಮೇಲೆ ಮಣ್ಣು ಮುಚ್ಚಬೇಕು: ಬದುಕಿಡೀ ಬಿಸಿಲು ಬೇಡುವ ಇದು ಮೊಳೆಯುವಾಗ ಕತ್ತಲೆ ಕೇಳುತ್ತದೆ. ಈ ತೊಡಕನ್ನು ವೇದಾಂತಿಗಳಿಗೆ ಬಿಟ್ಟಿದ್ದೇವೆ.

ಬೇಲಿ ಪ್ರಕರಣ ಚಿಕ್ಕದು, ಬೇಲಿ ಬೇಡ. ಆಡು ಬರುತ್ತದೆ, ಮೂಸುತ್ತದೆ, ಹೋಗುತ್ತದೆ. ಗಿಡ ಕಹಿ, ವಿಷ ಕೂಡ. ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬ ಪಂಡಿತರು ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತ ಈ ಎಲೆ ಅರೆದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. 1958ರಲ್ಲಿ ಅವರು ಲೋಕಕ್ಕೆ ತಿಳಿಸಿದ ವಿನ್‌ಬ್ಲಾಸ್ಟಿನ್, ಅದರ ಬೆನ್ನಿಗೆ ಬಂದ ವಿನ್‌ಕ್ರಿಸ್ಟಿನ್ ಇವತ್ತಿಗೂ ಕ್ಯಾನ್ಸರಿನ ಔಷಧಿಗಳು. ಎರಡನೆಯದು ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವಂಥದು. ಆದರೂ ಮುಂಜಾನೆ ಎದ್ದು ನಾಲ್ಕೆಲೆ ಅಗಿಯುವ ಹಿರಿಯರಿದ್ದಾರೆ. ಶಾಸ್ತ್ರಾರ್ಥದಲ್ಲಿ ಆಡಿನ ಮತವೇ ಗ್ರಾಹ್ಯ.

ಕೊನೆಗೆ ವಿಭಾಗ. ಮಳೆ ಹಿಡಿದ ಮೇಲೆ ಬುಡದ ಸಸಿಗಳನ್ನು ಮಣ್ಣುಸಮೇತ ಎತ್ತಿ ಒಂದಡಿ ಅಂತರಕ್ಕೆ ನೆಡುವುದು. ಪಾಲು ಸಮವಾಗಿರಬೇಕೆಂದು ನಾವು ವಾದಿಸಿದೆವು. ಆಯಿ ಒಪ್ಪಲಿಲ್ಲ; ಅಚ್ಚ ಬಿಳಿ ಹೂವಿನವು ಪೂಜೆಗೆ, ಅವು ತನ್ನವು; ಗುಲಾಬಿ ಬಣ್ಣದವು ಕೇಳಿದವರಿಗೆ. ಹೂ ಬಿಡದ ಸಸಿಯ ಬಣ್ಣ ತಿಳಿಯುವುದು ಅಸಾಧ್ಯ, ಆದ್ದರಿಂದ ಈ ವಿಭಾಗ ಅಸಿಂಧು ಎಂದು ನಾವು ತಡೆ ಹಾಕಿದೆವು. ಆಯಿ ಕನ್ನಡಕ ಏರಿಸಿಕೊಂಡು ಸಸಿಗಳ ದಂಟು ನೋಡುತ್ತ ಹೋದಳು. ಹಸಿರು ದಂಟಿನವು ಅವಳ ಬುಟ್ಟಿಗೆ ಬಿದ್ದವು, ಕೆಂಪು ಛಾಯೆಯವು ನಮ್ಮ ಹಾಲಿನ ಪಾಕೀಟಿಗೆ.