ಜನವರಿ 1ರಂದು ಹುಟ್ಟಿದ ಮಕ್ಕಳ ಪರವಾಗಿ

ಶ್ರೀಮತ್ ಜನ್ಮದಿನಾಂಕದ ಚೌಕದವರ ದಿವ್ಯ ಸನ್ನಿಧಾನಕ್ಕೆ, ಕರ್ನಾಟಕದ ಪೋಷಕವರ್ಗವು ಸಲ್ಲಿಸುವ ಬಹಿರಂಗ ಬಿನ್ನಹ.

ಸಾಮಾಜಿಕ ಜಾಲತಾಣಗಳ ಹೆಬ್ಬಾಗಿಲಿನಲ್ಲಿ ನಿಂತು, ಬಂದವರನ್ನೆಲ್ಲ ‘ಹುಟ್ಟಿದ್ದು ಯಾವಾಗ?’ ಎಂದು ಕೇಳಿ, ಹೇಳಿದ್ದನ್ನು ಮರುಮಾತಿಲ್ಲದೆ ನಂಬಿ ಒಳಬಿಡುವ ಸನ್ನಿಧಾನದ ಔದಾರ್ಯವು ಬೇರೆಲ್ಲೂ ಕಾಣದಂಥದು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕೋ, ಐದು ವರ್ಷ ಐದು ತಿಂಗಳಾದರೆ ಸಾಕೋ ಎಂದು ಪೋಷಕರು ಸರ್ಕಾರದೊಡನೆ ಹಗ್ಗಜಗ್ಗಾಟ ನಡೆಸಿ, 2025ರಲ್ಲಿ ಆ ಒಂದು ಸಾಲಿನ ಮಟ್ಟಿಗೆ ಏಳು ತಿಂಗಳ ಸಡಿಲಿಕೆ ಪಡೆದರು. ಅದೇ ಮಗು ಸನ್ನಿಧಾನದ ಮುಂದೆ ಬೆರಳನ್ನೊಮ್ಮೆ ಎಳೆದು ಮೂವತ್ತು ವರ್ಷ ದಾಟಿದರೂ ತಕರಾರಿಲ್ಲ.

ವಯಸ್ಸನ್ನು ತಿದ್ದಿ ಬರೆಸುವುದು ಈ ನಾಡಿಗೆ ಹೊಸದಲ್ಲವೆಂಬುದನ್ನು ಪೋಷಕವರ್ಗವು ಒಪ್ಪುತ್ತದೆ. ಜನನ ಪ್ರಮಾಣಪತ್ರ ಅಪರೂಪವಾಗಿದ್ದ ಕಾಲದಲ್ಲಿ ಹೆಡ್‌ಮಾಸ್ತರರು, ಮಗುವಿನ ಬಲಗೈ ನೆತ್ತಿಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಿತೇ ಎಂದು ನೋಡಿ, ಮುಟ್ಟಿದರೆ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಂಡು ಬಿಡುತ್ತಿದ್ದರು. ಹೀಗಾಗಿ ಒಂದು ತಲೆಮಾರಿನ ಅಸಂಖ್ಯ ಕನ್ನಡಿಗರು, ತಾಯಿಗೆ ಗೊತ್ತಿಲ್ಲದ ದಿನದಂದು ಹುಟ್ಟಿದವರಾಗಿ ನಿವೃತ್ತಿಯ ಅಂಚಿಗೆ ಬಂದಿದ್ದಾರೆ. ಆದರೆ ಆ ಪದ್ಧತಿಯಲ್ಲಿ ಒಂದು ಕೈ, ಒಂದು ಕಿವಿ, ಎರಡನ್ನೂ ನೋಡುವ ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಈಗ ಜೂನ್ 1ರ ಪಟ್ಟಕ್ಕೆ ಜನವರಿ 1 ಏರಿದೆ, ಏಕೆಂದರೆ ದಿನ, ತಿಂಗಳುಗಳ ಗೋಜಿಗೆ ಹೋಗದೆ ಇಸವಿಯೊಂದನ್ನೇ ಹಿಂದಕ್ಕೆ ಉರುಳಿಸಿದರೆ ಕೆಲಸ ಮುಗಿಯುತ್ತದೆ.

ಖಾತೆ ತೆರೆಯುವ ಕನಿಷ್ಠ ವಯಸ್ಸೆಂದು ಸನ್ನಿಧಾನಕ್ಕೆ ಪ್ರಿಯವಾದ ಹದಿಮೂರರ ಅಂಕಿಯು ಮಕ್ಕಳ ಮನಸ್ಸನ್ನು ಅಳೆದು ಪಡೆದದ್ದಲ್ಲ. 1998ರಲ್ಲಿ ಅಂಗೀಕಾರವಾಗಿ 2000ದಲ್ಲಿ ಜಾರಿಗೆ ಬಂದ, ಕೊಪ್ಪಾ ಎಂಬ ಗಿಡ್ಡ ಹೆಸರಿನ ಅಮೆರಿಕದ ಕಾನೂನು (ಚಿಕ್ಕಮಗಳೂರು ಜಿಲ್ಲೆಯ ಕೊಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ), ಹದಿಮೂರರೊಳಗಿನ ಮಕ್ಕಳ ಮಾಹಿತಿಯನ್ನು ತಂದೆತಾಯಿಯರ ಅನುಮತಿಯಿಲ್ಲದೆ ಸಂಗ್ರಹಿಸಬಾರದೆಂದು ವಿಧಿಸಿತು. ಆದರೆ ಮಕ್ಕಳಿಗೆಂದೇ ರೂಪಿಸದ, ಎಲ್ಲರಿಗೂ ತೆರೆದ ತಾಣಗಳಿಗೆ ಈ ಕಟ್ಟುಪಾಡು ಅನ್ವಯಿಸುವುದು, ಬಳಸುತ್ತಿರುವುದು ಮಗುವೆಂಬ ಖಚಿತ ಅರಿವು ಕಂಪನಿಗೆ ಇದ್ದಾಗ ಮಾತ್ರ. ಶರಣರ ನಾಡಿನಲ್ಲಿ ಗುರುವೆನಿಸಿಕೊಂಡ ಅರಿವು ಅಲ್ಲಿ ದಂಡಕ್ಕೆ ದಾರಿಯಾಯಿತು. ಆದ್ದರಿಂದ, ಮಗು ಯಾವ ವಿಡಿಯೊದ ಮುಂದೆ ಎಷ್ಟು ಸೆಕೆಂಡು ನಿಂತಿತು, ರಾತ್ರಿ ಎಷ್ಟು ಗಂಟೆಗೆ ಮಲಗಿತು, ಪರೀಕ್ಷೆಗೆ ಎಷ್ಟು ಹೆದರಿದೆ ಎಂಬುದನ್ನೆಲ್ಲ ಊಹಿಸಬಲ್ಲ ಯಂತ್ರವು, ಅದು ಮಗು ಎಂಬುದೊಂದನ್ನು ಮಾತ್ರ ಅರಿಯದೆ ಉಳಿಯಬೇಕಾಗಿತ್ತು. ಆ ಅಜ್ಞಾನವನ್ನು ಕಾಪಾಡುವ ಕೈಂಕರ್ಯಕ್ಕೆ ಸನ್ನಿಧಾನದ ಪ್ರತಿಷ್ಠಾಪನೆಯಾಯಿತು.

ಭಾರತದಲ್ಲಿ ಸನ್ನಿಧಾನದ ಮಹಿಮೆ ಇನ್ನೂ ಹೆಚ್ಚಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಕರೆದು, ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿಷೇಧಿಸಿ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡವೆಂದಿದೆ. ಜೊತೆಗೆ ಪೋಷಕರ ಪರಿಶೀಲಿತ ಸಮ್ಮತಿಯನ್ನು, ಅಂದರೆ ಒಪ್ಪಿಗೆ ಕೊಟ್ಟವರು ನಿಜಕ್ಕೂ ವಯಸ್ಕರೆಂದು ಗುರುತು, ವಯಸ್ಸಿನ ನಂಬಲರ್ಹ ವಿವರಗಳಿಂದ ಖಚಿತಪಡಿಸಿಕೊಂಡ ಸಮ್ಮತಿಯನ್ನು, ಕಡ್ಡಾಯಗೊಳಿಸಿದೆ. ಅದರ ವಿಧಾನವನ್ನು 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ವಿವರಿಸುತ್ತವೆ. ಆದರೆ ಈ ಸಮ್ಮತಿಯ ಮಾತು ಏಳುವುದು ಮಗುವು ತಾನು ಮಗುವೆಂದು ಹೇಳಿಕೊಂಡ ಮೇಲೆ. ಅಷ್ಟು ಪ್ರಾಮಾಣಿಕವಾದ ಮಗು ಸಿಕ್ಕಿದರೂ ತೊಡಕೇನಿಲ್ಲ: ಅಪ್ಪನ ಮೊಬೈಲಿಗೆ ಬರುವ ಒಟಿಪಿಯನ್ನು ಓದಿ ಹೇಳುವುದು, ಅಜ್ಜಿಯ ಡಿಜಿಲಾಕರ್ ತೆರೆದುಕೊಡುವುದು ಬಹಳಷ್ಟು ಮನೆಗಳಲ್ಲಿ ಆ ಮಗುವಿನದೇ ಕೆಲಸ.

ಹದಿಮೂರು ಸಾಲದೆಂದು ಬೇರೆ ಅಂಕಿಗಳೂ ಹರಾಜಿನ ಕೂಗಿನಂತೆ ಏರುತ್ತಿವೆ. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ ಹದಿನಾರು ಎಂದಿತು. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು 2023ರ ಸೆಪ್ಟೆಂಬರ್‌ನಲ್ಲಿ, ಅಬಕಾರಿ ನಿಯಮದಲ್ಲಿರುವಂತೆ ಇಲ್ಲಿಯೂ ವಯೋಮಿತಿ ಬೇಕು, ಇಪ್ಪತ್ತೊಂದಾದರೆ ಒಳ್ಳೆಯದು ಎಂಬರ್ಥದ ಮೌಖಿಕ ಅಭಿಪ್ರಾಯ ನೀಡಿತು. ಬ್ರಿಟನ್ನಿನಲ್ಲಿ 2025ರ ಜುಲೈನಿಂದ ಮುಖ ನೋಡಿ ವಯಸ್ಸು ಅಂದಾಜಿಸುವ ಯಂತ್ರಗಳು ಬಂದಾಗ, ವಿಡಿಯೊ ಗೇಮಿನ ಪಾತ್ರವೊಂದರ ಮುಖವನ್ನು ತೋರಿಸಿ ಒಳಹೊಕ್ಕವರಿದ್ದರು. ಕಿವಿ ಮುಟ್ಟಿಸುತ್ತಿದ್ದ ಮಾಸ್ತರರನ್ನು ಇಷ್ಟು ಸುಲಭವಾಗಿ ಏಮಾರಿಸಲಾಗುತ್ತಿರಲಿಲ್ಲ.

ಈ ನಡುವೆ ಸನ್ನಿಧಾನದ ಗಮನಕ್ಕೆ ಬಾರದ ಸಣ್ಣ ಸಂಗತಿಯೊಂದಿದೆ. ಅಪರಿಚಿತ ವಯಸ್ಕರು ಹದಿಹರೆಯದವರಿಗೆ ನೇರ ಸಂದೇಶ ಕಳಿಸದಂತೆ ಕೆಲವು ತಾಣಗಳು ಹಾಕಿರುವ ತಡೆಯು, ದಾಖಲೆಯಲ್ಲಿ ಮೂವತ್ತು ದಾಟಿರುವ ಆರನೆಯ ತರಗತಿಯ ಹುಡುಗಿಗೆ ಅನ್ವಯಿಸುವುದಿಲ್ಲ. ಯಾರೋ ಅವಳ ಚಿತ್ರವನ್ನಿಟ್ಟುಕೊಂಡು ಬೆದರಿಸಿದಾಗ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಮೊದಲು ಅವಳಿಗೆ ನೆನಪಾಗುವುದು ತಾನು ಹೇಳಿದ ಸುಳ್ಳು. ತಾನೇ ಇಸವಿ ಉರುಳಿಸಿಕೊಟ್ಟ ತಾಯಿಗೂ ಠಾಣೆಯ ಮೆಟ್ಟಿಲ ಬಳಿ ನೆನಪಾಗುವುದು ಅದೇ. ಕಂಪನಿಗೆ ಮಾತ್ರ ಯಾವ ಮುಜುಗರವೂ ಇಲ್ಲ, ಅದು ಕೇಳಿತ್ತು.

ಆದಕಾರಣ, ತಾನು ದೊಡ್ಡವನೆಂದು ಯಾರಾದರೂ ಸಾಬೀತುಪಡಿಸುವ ತನಕ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅಪರಿಚಿತರ ಸಂದೇಶದ ಬಾಗಿಲನ್ನೂ ತಾನಾಗಿ ಉರುಳುತ್ತ ಹೋಗುವ ವಿಡಿಯೊಗಳನ್ನೂ ಮುಚ್ಚಿಟ್ಟರೆ ಸನ್ನಿಧಾನಕ್ಕೆ ವಿಶ್ರಾಂತಿ ದೊರೆಯಬಹುದೆಂದು ಪೋಷಕವರ್ಗವು ಸೂಚಿಸುತ್ತದೆ. ಅದು ಸಾಧ್ಯವಾಗದಿದ್ದಲ್ಲಿ, ಬರುವ ಜನವರಿ 1ರಂದು ಲಂಗ ತೊಟ್ಟ ಆ ‘ಮಧ್ಯವಯಸ್ಕೆ’ಗೆ ಕಳಿಸುವ ಹುಟ್ಟುಹಬ್ಬದ ಶುಭಾಶಯದ ಜೊತೆ ಗೃಹಸಾಲದ ಜಾಹೀರಾತನ್ನಾದರೂ ಸೇರಿಸದಿರಬೇಕೆಂದು ಕೋರುತ್ತದೆ.

ಇಂತಿ,
ಜೂನ್ 1ರಂದು ಹುಟ್ಟಿದ ಪೋಷಕವರ್ಗ